ಕುರುವತ್ತಿ: ತಂದೆಯ ಸಾವು, ಅಣ್ಣತಮ್ಮಂದಿರ ಕಲಹ

ಕಾಯಿಲೆಯಿಂದ ನರಳುತ್ತಿದ್ದ ಕಲ್ಯಾಣ ಚಾಲುಕ್ಯ ದೊರೆ ಒಂದನೇ ಸೋಮೇಶ್ವರ 1068ರಲ್ಲಿ ಇಲ್ಲಿನ ತುಂಗಭದ್ರೆಯಲ್ಲಿ ಜಲಸಮಾಧಿ ಪಡೆದ. ಪಟ್ಟ ಹಿರಿಯ ಮಗ ಇಮ್ಮಡಿ ಸೋಮೇಶ್ವರನಿಗೆ ಬಂತು. ತಮ್ಮ ವಿಕ್ರಮಾದಿತ್ಯ ಸುಮ್ಮನಿರಲಿಲ್ಲ. ಸಾಮಂತರನ್ನು ಒಲಿಸಿಕೊಂಡ, ಚೋಳ ವೀರರಾಜೇಂದ್ರನ ಮಗಳನ್ನು ಮದುವೆಯಾದ. ಮುಂದೆ ಚೋಳ ಸಿಂಹಾಸನ ಕುಲೋತ್ತುಂಗನ ಕೈಸೇರಿದಾಗ ಸೋಮೇಶ್ವರ ಅವನೊಡನೆ ಕೈಜೋಡಿಸಿದ. ತಂದೆ ಬಾಳಿಡೀ ಕಾದಾಡಿದ ಚೋಳರ ಆಸರೆಯನ್ನು ಮಕ್ಕಳಿಬ್ಬರೂ ಬೇಡಿದ್ದು ಈ ಕಲಹದ ಅತ್ಯಂತ ನೋವಿನ ಸಂಗತಿ.

1076ರಲ್ಲಿ ವಿಕ್ರಮಾದಿತ್ಯ ಅಣ್ಣನನ್ನು ಸೋಲಿಸಿ ಸೆರೆಹಿಡಿದ. ಅಣ್ಣ ದುಷ್ಟ, ತಮ್ಮ ಶಿವನ ಅಪ್ಪಣೆಯಂತೆ ಯುದ್ಧಕ್ಕಿಳಿದ ಎನ್ನುತ್ತದೆ ಬಿಲ್ಹಣನ ‘ವಿಕ್ರಮಾಂಕದೇವಚರಿತ’. ಅದನ್ನು ಗೆದ್ದವನ ಆಸ್ಥಾನದ ಮಾತೆಂದೇ ಓದಬೇಕು. ಪಟ್ಟವೇರಿದ ವಿಕ್ರಮಾದಿತ್ಯ ಶಕವರ್ಷವನ್ನು ಬದಿಗಿಟ್ಟು ತನ್ನದೇ ಚಾಲುಕ್ಯ ವಿಕ್ರಮ ವರ್ಷವನ್ನು ಆರಂಭಿಸಿದ; ಕನ್ನಡನಾಡಿನ ನೂರಾರು ಶಾಸನಗಳು ಅದೇ ಲೆಕ್ಕದಲ್ಲಿವೆ.