ಪಟ್ಟಿಯ ಬದಿಯ ಪುಟ್ಟ ಬಟನ್‌ಗಳು

1999ರ ಸೆಪ್ಟೆಂಬರ್ 28ರಂದು ಅಮೆರಿಕದ ಪೇಟೆಂಟ್ ಕಚೇರಿ ಅಮೆಜಾನ್ ಕಂಪನಿಗೆ ವಿಚಿತ್ರವೆನಿಸುವ ಒಂದು ಹಕ್ಕು ಕೊಟ್ಟಿತು. ವಿಳಾಸವನ್ನೂ ಕಾರ್ಡಿನ ವಿವರವನ್ನೂ ಮೊದಲೇ ಕೊಟ್ಟಿಟ್ಟ ಗಿರಾಕಿ ಒಂದೇ ಕ್ಲಿಕ್ಕಿನಲ್ಲಿ ಸಾಮಾನು ಕೊಳ್ಳುವ ವಿಧಾನದ ಮೇಲಿನ ಹಕ್ಕು ಅದು. ಮರುತಿಂಗಳೇ ಪುಸ್ತಕ ವ್ಯಾಪಾರದ ಎದುರಾಳಿ ಬಾರ್ನ್ಸ್ ಆ್ಯಂಡ್ ನೋಬಲ್ ವಿರುದ್ಧ ಅಮೆಜಾನ್ ದಾವೆ ಹೂಡಿತು. ಡಿಸೆಂಬರ್‌ನಲ್ಲಿ ತಡೆಯಾಜ್ಞೆ ಬಂತು. 2001ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತಡೆಯನ್ನು ತೆರವು ಮಾಡಿತು, 2002ರಲ್ಲಿ ಇಬ್ಬರೂ ರಾಜಿಯಾದರು. ಈ ನಡುವೆ ಆಪಲ್ ಹಣ ಕೊಟ್ಟು ಪರವಾನಗಿ ಪಡೆದಿತ್ತು. ಪೇಟೆಂಟ್ ಅವಧಿ ಮುಗಿದದ್ದು 2017ರಲ್ಲಿ. ಒಂದು ಕ್ಲಿಕ್ ಉಳಿಸುವುದರಲ್ಲಿ ಎಷ್ಟು ಹಣವಿದೆ ಎಂಬುದು ಅಷ್ಟರಲ್ಲಿ ವ್ಯಾಪಾರಸ್ಥರಿಗೆಲ್ಲ ಮನದಟ್ಟಾಗಿತ್ತು.

ಕಂಪ್ಯೂಟರ್ ಆಟ ಮಾರುವ ಆನ್‌ಲೈನ್ ಅಂಗಡಿಗಳು ಬೆಳೆದದ್ದು ಇದೇ ಕಾಲದಲ್ಲಿ. ಅವುಗಳ ಇತಿಹಾಸವನ್ನು ದೊಡ್ಡ ಆಟಗಳು, ದೊಡ್ಡ ಸೇಲ್‌ಗಳ ಲೆಕ್ಕದಲ್ಲಿ ಹೇಳುವುದು ರೂಢಿ. ಪಟ್ಟಿಯಲ್ಲಿ ಪ್ರತಿ ಆಟದ ಹೆಸರಿನ ಪಕ್ಕ ಕೂತಿರುವ ಬಟನ್‌ಗಳನ್ನು ನೋಡುತ್ತ ಹೋದರೆ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಕೊಳ್ಳುವುದು ಬಹಳ ಬೇಗ ಸುಲಭವಾಯಿತು. ‘ಆಮೇಲೆ ನೋಡೋಣ’, ‘ಇದು ಬೇಡ’, ‘ತಪ್ಪಾಯಿತು, ವಾಪಸ್ ತಗೊಳ್ಳಿ’ ಎನ್ನುವುದು ಅಷ್ಟೇ ಸುಲಭವಾಗಲು ವರ್ಷಗಳೇ ಹಿಡಿದವು.

ಈ ಬಗೆಯ ಹಿರಿಯ ಅಂಗಡಿಗಳಲ್ಲೊಂದು ಸ್ಟೀಮ್. ಅಮೆರಿಕದ ವಾಲ್ವ್ ಕಂಪನಿ 2003ರ ಸೆಪ್ಟೆಂಬರ್ 12ರಂದು ಅದನ್ನು ಹೊರತಂದಾಗ ತನ್ನದೇ ಆಟಗಳಿಗೆ ಹೊಸ ಅಪ್‌ಡೇಟ್‌ಗಳನ್ನು ತಲುಪಿಸುವುದು ಮುಖ್ಯ ಉದ್ದೇಶವಾಗಿತ್ತು. 2004ರ ನವೆಂಬರ್‌ನಲ್ಲಿ ‘ಹಾಫ್-ಲೈಫ್ 2’ ಬಂದಾಗ, ಅಂಗಡಿಯಲ್ಲಿ ಡಿಸ್ಕ್ ಕೊಂಡವರೂ ಸ್ಟೀಮ್ ಹಾಕಿಕೊಳ್ಳಲೇಬೇಕಾಯಿತು. ಹೊರಗಿನವರ ಆಟಗಳು ಅಲ್ಲಿ ಮಾರಾಟಕ್ಕೆ ಬರಲು ಶುರುವಾದದ್ದು 2005ರಲ್ಲಿ. ಆಗ ಇದ್ದದ್ದು ಬೆರಳೆಣಿಕೆಯ ಆಟಗಳು. ಒಂದೊಂದರ ಪುಟ ತೆರೆದು, ಚಿತ್ರ ನೋಡಿ, ವಿವರ ಓದಿ ತೀರ್ಮಾನಿಸಲು ಪುರುಸೊತ್ತಿತ್ತು.

2012ರಲ್ಲಿ ವಾಲ್ವ್ ‘ಗ್ರೀನ್‌ಲೈಟ್’ ತೆರೆದು, ಯಾವ ಆಟ ಅಂಗಡಿಗೆ ಬರಬೇಕೆಂಬುದನ್ನು ಆಟಗಾರರ ಮತಕ್ಕೆ ಬಿಟ್ಟಿತು. 2017ರಲ್ಲಿ ಅದನ್ನೂ ಮುಚ್ಚಿ, ಆಟಕ್ಕೆ ನೂರು ಡಾಲರ್ ಕಟ್ಟಿದರೆ ಯಾರು ಬೇಕಾದರೂ ಮಾರಬಹುದೆಂಬ ‘ಸ್ಟೀಮ್ ಡೈರೆಕ್ಟ್’ ತಂದಿತು. ಬಾಗಿಲು ಪೂರ್ತಿ ತೆರೆಯಿತು. 2024ರ ಒಂದೇ ವರ್ಷದಲ್ಲಿ ಅಲ್ಲಿಗೆ ಬಂದ ಹೊಸ ಆಟಗಳು 18 ಸಾವಿರಕ್ಕೂ ಹೆಚ್ಚು. ಇಷ್ಟೊಂದು ಆಟಗಳ ಪುಟಗಳನ್ನು ಯಾರೂ ಒಂದೊಂದಾಗಿ ತೆರೆಯಲಾರರು. ಪಟ್ಟಿಯೇ ಅಂಗಡಿಯಾಯಿತು. ಆಟದ ಪುಟಕ್ಕೆ ಹೋಗಿ, ಹಿಂದಿರುಗಿ, ನಿಂತಿದ್ದ ಜಾಗವನ್ನು ಮತ್ತೆ ಹುಡುಕುವ ಕಷ್ಟ ತಪ್ಪಿಸಬೇಕಾದರೆ ಕೆಲಸ ಪಟ್ಟಿಯಲ್ಲೇ ಮುಗಿಯಬೇಕು.

ಬಾಗಿಲು ಪೂರ್ತಿ ತೆರೆಯುವ ಮೊದಲೇ, 2014ರ ಸೆಪ್ಟೆಂಬರ್‌ನಲ್ಲಿ, ಸ್ಟೀಮ್ ತಂದ ಬದಲಾವಣೆ ಈ ದಿಕ್ಕಿನಲ್ಲಿ ದೊಡ್ಡ ಹೆಜ್ಜೆ. ಆಗ ಬಂದ ‘ಡಿಸ್ಕವರಿ ಕ್ಯೂ’ ಆಟಗಳನ್ನು ಒಂದರ ಹಿಂದೊಂದು ಮುಂದಿಡುತ್ತಿತ್ತು. ಪ್ರತಿ ಆಟಕ್ಕೂ ಕೈಗೆಟಕುವ ಬಟನ್‌ಗಳು: ವಿಷ್‌ಲಿಸ್ಟ್‌ಗೆ ಸೇರಿಸು, ಬೇಡ, ಮುಂದಿನದು. ವಿಷ್‌ಲಿಸ್ಟ್‌ಗೆ ಹಾಕಿದ ಆಟದ ಬೆಲೆ ಇಳಿದಾಗ ಇಮೇಲ್ ಬರುತ್ತದೆ. ಬೇಡವೆಂದ ಆಟವನ್ನು ಶಿಫಾರಸುಗಳಲ್ಲಿ ಮತ್ತೆ ತೋರಿಸುವುದಿಲ್ಲ. ಗಿರಾಕಿ ‘ಬೇಡ’ ಎಂದದ್ದೂ ಅಂಗಡಿಗೆ ಉಪಯೋಗದ ಮಾಹಿತಿ ಎಂಬ ತಿಳಿವಳಿಕೆ ಇದರ ಹಿಂದಿತ್ತು.

ಸ್ಟೀಮ್ ಒಂದೊಂದಾಗಿ ಕಲಿತದ್ದನ್ನು ಬಿಟ್ಟು ಅಂಗಡಿ ತೆರೆದರೆ ಏನಾಗುತ್ತದೆ ಎಂಬುದಕ್ಕೆ ಎಪಿಕ್ ಗೇಮ್ಸ್ ಸ್ಟೋರ್ ಉದಾಹರಣೆ. 2018ರ ಡಿಸೆಂಬರ್‌ನಲ್ಲಿ ಅದು ತೆರೆದಾಗ ಕಾರ್ಟೇ ಇರಲಿಲ್ಲ. ಪ್ರತಿ ಆಟಕ್ಕೂ ಬೇರೆ ಬೇರೆಯಾಗಿ ಹಣ ಕಟ್ಟಬೇಕಿತ್ತು. 2019ರ ಮೇ ತಿಂಗಳ ದೊಡ್ಡ ಸೇಲ್‌ನಲ್ಲಿ ಜನ ಒಂದು ಆಟ ಕೊಂಡು, ಮತ್ತೊಂದು ಕೊಂಡು, ಹೀಗೆ ಬೆನ್ನುಬೆನ್ನಿಗೆ ಹಣ ಕಟ್ಟುತ್ತ ಹೋದಾಗ ವಂಚನೆ ಪತ್ತೆಹಚ್ಚುವ ವ್ಯವಸ್ಥೆ ಅನುಮಾನಪಟ್ಟು ಕೆಲವರ ಖಾತೆಗಳನ್ನು ತಡೆಹಿಡಿಯಿತು. ವಿಷ್‌ಲಿಸ್ಟ್ ಬಂದದ್ದು 2020ರಲ್ಲಿ, ಕಾರ್ಟ್ ಬಂದದ್ದು 2021ರ ಡಿಸೆಂಬರ್‌ನಲ್ಲಿ. ಒಂದು ಬಟನ್‌ಗಾಗಿ ಗಿರಾಕಿಗಳು ಮೂರು ವರ್ಷ ಕಾದರು.

ಅದೇ ಕಂಪನಿಯ ‘ಫೋರ್ಟ್‌ನೈಟ್’ ಆಟದಲ್ಲಿ ಸಮಸ್ಯೆ ಉಲ್ಟಾ ಆಗಿತ್ತು. ಅಲ್ಲಿ ಕೊಳ್ಳುವುದು ಅತಿಯಾಗಿ ಸುಲಭ. ಆಟದ ಪಾತ್ರದ ಉಡುಪೊಂದನ್ನು ಸುಮ್ಮನೆ ನೋಡಲು ಹೋಗಿ ಪಕ್ಕದ ಬಟನ್ ಒತ್ತಿದರೂ, ಮಲಗಿಸಿದ್ದ ಆಟವನ್ನು ಎಬ್ಬಿಸಲು ಒತ್ತಿದರೂ ಹಣ ಕಡಿತವಾಗುತ್ತಿತ್ತು ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. 2022ರ ಡಿಸೆಂಬರ್‌ನ ಒಪ್ಪಂದದಂತೆ ಈ ಆರೋಪಕ್ಕಾಗಿ ಎಪಿಕ್ 24.5 ಕೋಟಿ ಡಾಲರ್ ಕೊಡಬೇಕಾಯಿತು; ಆ ಹಣ ಗಿರಾಕಿಗಳಿಗೆ ವಾಪಸ್ ಹೋಗಬೇಕೆಂಬುದೇ ಷರತ್ತು. ಬಟನ್‌ಗಳ ಜೋಡಣೆಗೆ ಇಷ್ಟು ದುಬಾರಿ ಬೆಲೆ ತೆತ್ತದ್ದು ಅಪರೂಪ. ಬಟನ್ ಒತ್ತಿ ಹಿಡಿದರೆ ಮಾತ್ರ ಖರೀದಿಯಾಗುವ ಕ್ರಮವನ್ನು ಕಂಪನಿ ತಂದಿತು.

ಬಟನ್ ಎಲ್ಲಿರಬೇಕು, ಎಷ್ಟು ದೊಡ್ಡದಿರಬೇಕು ಎಂಬುದಕ್ಕೆ ಹಳೆಯ ವಿಜ್ಞಾನವೇ ಇದೆ. ಗುರಿ ಚಿಕ್ಕದಾದಷ್ಟೂ, ದೂರವಾದಷ್ಟೂ ಕೈ ಅಲ್ಲಿಗೆ ತಲುಪಲು ಹೆಚ್ಚು ಹೊತ್ತು ಬೇಕೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ 1954ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಚಿತ್ರದ ಮೇಲೆ ಮೌಸ್ ತಂದಾಗ ಮಾತ್ರ ಕಾಣುವ ಬಟನ್ ಕಂಪ್ಯೂಟರಿನಲ್ಲಿ ಚೆನ್ನ, ಪಟ್ಟಿ ಚೊಕ್ಕಟವಾಗಿರುತ್ತದೆ. ಫೋನಿನಲ್ಲಿ ಬೆರಳು ಹಾಗೆ ಸುಳಿದಾಡುವುದಿಲ್ಲ. 2022ರ ಫೆಬ್ರವರಿಯಲ್ಲಿ ಬಂದ ಸ್ಟೀಮ್ ಡೆಕ್‌ನಂಥ ಕೈಯಲ್ಲಿ ಹಿಡಿಯುವ ಯಂತ್ರದಲ್ಲಿ ಹೆಬ್ಬೆರಳುಗಳದ್ದೇ ಕಾರುಬಾರು. ಅಡಗಿದ ಬಟನ್ ಅಲ್ಲಿ ಇಲ್ಲದ ಬಟನ್.

ಭಾರತದ ಆಟಗಾರರ ಅನುಭವ ಸ್ವಲ್ಪ ಬೇರೆ. ಆನ್‌ಲೈನ್ ಕಾರ್ಡ್ ಪಾವತಿಗೆ ಎರಡನೆಯ ದೃಢೀಕರಣ ಬೇಕೆಂದು ರಿಸರ್ವ್ ಬ್ಯಾಂಕ್ 2009ರ ಆಗಸ್ಟ್‌ನಿಂದ ಕಡ್ಡಾಯ ಮಾಡಿತು. ಹೀಗಾಗಿ ಒಂದೇ ಕ್ಲಿಕ್ಕಿನ ಖರೀದಿ ನಮ್ಮಲ್ಲಿ ಅಷ್ಟಾಗಿ ಬೇರೂರಲಿಲ್ಲ, ಒಟಿಪಿ ಅಡ್ಡ ನಿಂತಿತು. ಬೇಸರ ತರಿಸುವ ಆ ಅರ್ಧ ನಿಮಿಷ ಎಷ್ಟೋ ಮನೆಗಳಲ್ಲಿ ಮಕ್ಕಳ ಅವಸರದ ಖರೀದಿಯನ್ನು ತಪ್ಪಿಸಿರಬಹುದು. 2015ರಲ್ಲಿ ಸ್ಟೀಮ್ ರೂಪಾಯಿಯಲ್ಲಿ ಬೆಲೆ ತೋರಿಸತೊಡಗಿತು. ಅದೇ ವರ್ಷದ ಜೂನ್‌ನಲ್ಲಿ ರೀಫಂಡ್ ನಿಯಮವೂ ಬಂತು: ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಕಾರಣ ಏನೇ ಇರಲಿ ಹಣ ವಾಪಸ್. 2023ರ ನವೆಂಬರ್‌ನಲ್ಲಿ ನಮ್ಮ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ದಾರಿತಪ್ಪಿಸುವ 13 ಬಗೆಯ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿತು. ಕೇಳದೆಯೇ ಕಾರ್ಟ್‌ಗೆ ಸಾಮಾನು ತುರುಕುವುದು ಅವುಗಳಲ್ಲೊಂದು.

ಬೆಂಗಳೂರಿನಲ್ಲಿ ಕೂತು ಲೋಕಕ್ಕೆಲ್ಲ ಆ್ಯಪ್‌ಗಳ ಪರದೆ ರೂಪಿಸುವವರು ಸಾವಿರಾರು ಮಂದಿ ಇದ್ದಾರೆ. ಆಟದ ಪಟ್ಟಿಗೆ ಬಟನ್ ಜೋಡಿಸುವ ಕೆಲಸ ಅವರ ಕೈಗೆ ಬಂದಾಗ ಮೂರು ಕೆಲಸ ಮಾಡಲಿ. ‘ಕೊಳ್ಳಿ’ಗೆ ಕೊಟ್ಟಷ್ಟೇ ಜಾಗವನ್ನು ‘ಆಮೇಲೆ’ಗೂ ‘ಬೇಡ’ಕ್ಕೂ ಕೊಡಲಿ. ಬೆರಳಿಗೆ ಸಿಗುವಂತೆ ಎಲ್ಲವನ್ನೂ ಸದಾ ಕಾಣಿಸಲಿ. ತಪ್ಪಿ ಒತ್ತಿದ್ದನ್ನು ಅದೇ ಸಾಲಿನಲ್ಲಿ, ಅದೇ ಗಳಿಗೆಯಲ್ಲಿ ರದ್ದು ಮಾಡಲು ಬಿಡಲಿ.