ಕಸಿ ಕಿಡ್ನಿಯ ಒಳಉರಿ

ಕಸಿ ಮಾಡಿದ ಕಿಡ್ನಿ ಕೆಲವು ವರ್ಷ ಚೆನ್ನಾಗಿ ದುಡಿದು ಆಮೇಲೆ ಮೆಲ್ಲಗೆ ಸೋಲುವುದಕ್ಕೆ, ಅದು ಪರರ ಅಂಗ ಎಂಬ ಒಂದೇ ಕಾರಣವನ್ನು ವೈದ್ಯರು ಬಹುಕಾಲ ಕೊಡುತ್ತಿದ್ದರು. 1954ರಲ್ಲಿ ಬಾಸ್ಟನ್‌ನಲ್ಲಿ ಜೋಸೆಫ್ ಮರ್ರೆ ಮಾಡಿದ ಮೊದಲ ಯಶಸ್ವಿ ಕಸಿ ತದ್ರೂಪಿ ಅವಳಿಗಳ ನಡುವಿನದು. ಭಾರತದಲ್ಲಿ ಈ ಯಶಸ್ಸು ಕಂಡದ್ದು 1971ರಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ. 1980ರ ದಶಕದಲ್ಲಿ ಸೈಕ್ಲೋಸ್ಪೋರಿನ್ ಎಂಬ ಔಷಧಿ ಬಂದು, ಪರರ ಅಂಗದ ಮೇಲೆರಗುವ ಟಿ-ಕೋಶಗಳಿಗೆ ಕಡಿವಾಣ ಹಾಕಿತು. ಮೊದಲ ವರ್ಷದ ಸೋಲು ಬಹಳ ತಗ್ಗಿತು, ಹತ್ತು ವರ್ಷ ದಾಟಿಸುವ ವಿಷಯದಲ್ಲಿ ಮಾತ್ರ ಅಷ್ಟು ಲಾಭ ಸಿಗಲಿಲ್ಲ.

ಹೀಗೇಕೆ ಎಂಬುದಕ್ಕೆ ಉತ್ತರದ ಒಂದು ಎಳೆ ಗಂಡ-ಹೆಂಡಿರು ಪರಸ್ಪರ ಕೊಟ್ಟ ಕಿಡ್ನಿಗಳಲ್ಲಿತ್ತು. 1995ರಲ್ಲಿ ಅಮೆರಿಕದ ಪಾಲ್ ಟೆರಸಾಕಿ ತಂಡ ಲೆಕ್ಕ ಹಾಕಿದಾಗ, ಸಂಗಾತಿ ಕೊಟ್ಟ ಕಿಡ್ನಿಗಳಲ್ಲಿ ಶೇ 85ರಷ್ಟು ಮೂರು ವರ್ಷದ ನಂತರವೂ ಉಳಿದಿದ್ದವು. ಮೃತರಿಂದ ಪಡೆದವುಗಳಲ್ಲಿ ಉಳಿದದ್ದು ಶೇ 70. ಅಂಗಾಂಶದ ಹೊಂದಾಣಿಕೆ ಸಂಗಾತಿಗಳಲ್ಲೇ ಕಡಿಮೆ ಇತ್ತು. ಹಾಗಾದರೆ ಹೊಂದಾಣಿಕೆಯಷ್ಟೇ ಅಲ್ಲ, ಕಸಿಗೆ ಮುನ್ನ ಅಂಗ ತಿಂದ ಪೆಟ್ಟೂ ಲೆಕ್ಕಕ್ಕೆ ಬರುತ್ತದೆ ಎಂದಾಯಿತು. ಹಿಂದಿನ ವರ್ಷವೇ ಮ್ಯೂನಿಕ್‌ನ ವಾಲ್ಟರ್ ಲ್ಯಾಂಡ್ ಇದೇ ಮಾತನ್ನು ಮುಂದಿಟ್ಟಿದ್ದರು.

ಕಸಿಯ ಹೊತ್ತಿನಲ್ಲಿ ರಕ್ತನಾಳದ ಕ್ಲ್ಯಾಂಪ್ ತೆಗೆದೊಡನೆ, ಐಸಿನಲ್ಲಿದ್ದು ಬೂದುಗಟ್ಟಿದ ಕಿಡ್ನಿ ಕೆಂಪೇರಿ ಬಿಗಿಯಾಗುತ್ತದೆ. ನೋಡುವವರಿಗೆ ಅದು ಸಂತೋಷದ ಗಳಿಗೆ. ಆದರೆ ರಕ್ತವಿಲ್ಲದೆ ನೊಂದ ಕೋಶಗಳು ಅದೇ ಹೊತ್ತಿಗೆ ಒಳಗಿನ ವಸ್ತುಗಳನ್ನು ಹೊರಚೆಲ್ಲುತ್ತವೆ. ಹುಟ್ಟಿನಿಂದಲೇ ಇರುವ ಸಹಜ ರೋಗನಿರೋಧಕ ವ್ಯವಸ್ಥೆ ಅದನ್ನು ಅಪಾಯವೆಂದು ಓದಿಕೊಂಡು ನ್ಯೂಟ್ರೊಫಿಲ್, ಮ್ಯಾಕ್ರೊಫೇಜ್ ಎಂಬ ರಕ್ಷಣಾ ಕೋಶಗಳನ್ನು ಕಳಿಸುತ್ತದೆ. ಉರಿಯೂತ ಆರದಿದ್ದರೆ, ಗಾಯ ಮಾಯಿಸಲು ಬಂದವೇ ಕಿಡ್ನಿಯನ್ನು ನಾರುಗಟ್ಟಿಸುತ್ತವೆ. ಇವುಗಳಲ್ಲಿ ಮ್ಯಾಕ್ರೊಫೇಜ್‌ಗಳು ಪರರ ಅಂಗಾಂಶವನ್ನು ನೆನಪಿಡಬಲ್ಲವು ಎಂಬುದನ್ನು 2020ರಲ್ಲಿ ಪಿಟ್ಸ್‌ಬರ್ಗ್‌ನ ವಿಜ್ಞಾನಿಗಳು ಇಲಿಗಳಲ್ಲಿ ತೋರಿಸಿದರು.

ಐಸಿನಲ್ಲಿ ಹೊತ್ತು ಕಳೆದಷ್ಟೂ ಈ ಪೆಟ್ಟು ಹೆಚ್ಚು, ಮತ್ತು ಐಸಿನ ಗಂಟೆಗಳು ರಾಯಚೂರು ಸೀಮೆಯವರಿಗೆ ದಾರಿಯ ಗಂಟೆಗಳೂ ಹೌದು. ನಗರಕ್ಕೆ ರೈಲು 1871ರಲ್ಲೇ ಬಂತು. ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ, ಅಂದರೆ ಜನರ ಬಾಯಲ್ಲಿ ಒಪೆಕ್ ಆಸ್ಪತ್ರೆ, ಇಲ್ಲಿದೆ. 2007ರಲ್ಲಿ ರಿಮ್ಸ್ ಎಂಬ ಸರ್ಕಾರಿ ವೈದ್ಯಕೀಯ ಕಾಲೇಜು ಕೂಡ ಬಂತು. ಆದರೂ ಕಸಿಗೆ ಬೆಂಗಳೂರು ಇಲ್ಲವೇ ಹೈದರಾಬಾದಿನ ದಾರಿ ಹಿಡಿಯುವುದೇ ರೂಢಿ. ಬೆಂಗಳೂರು ಸುಮಾರು 400 ಕಿ.ಮೀ. ದೂರ. ಜಿಲ್ಲೆಯ ದೇವದುರ್ಗಕ್ಕೆ ರೈಲಿಲ್ಲ. ಮಾನ್ವಿಯವರೂ ರೈಲಿಗಾಗಿ ಬಹುಕಾಲ ಬಸ್ ಹತ್ತಿ ರಾಯಚೂರಿಗೇ ಬಂದವರು. ಮೃತರ ಅಂಗಗಳನ್ನು ಹಂಚುವ ರಾಜ್ಯದ ಸಂಸ್ಥೆ ಜೀವಸಾರ್ಥಕತೆಯ ಪಟ್ಟಿಯಲ್ಲಿರುವ ರೋಗಿಗೆ ನಡುರಾತ್ರಿ ಕರೆ ಬಂದಾಗ, ಅವರು ಆಸ್ಪತ್ರೆ ತಲುಪುವವರೆಗೂ ಕಿಡ್ನಿ ಐಸಿನಲ್ಲೇ ಕಾಯಬೇಕು. ತಾಯಿಯೋ ಹೆಂಡತಿಯೋ ಕೊಡುವ ಕಿಡ್ನಿಗೆ ಆ ಕಾಯುವಿಕೆ ಇಲ್ಲ.

ನಿತ್ಯದ ಮಾತ್ರೆಗಳು ಮುಖ್ಯವಾಗಿ ಟಿ-ಕೋಶಗಳನ್ನು ತಡೆಯುತ್ತವೆ. ಈ ಒಳಉರಿಯನ್ನೇ ಗುರಿಯಾಗಿಸಿಕೊಂಡು ಕಿಡ್ನಿಯನ್ನು ದೀರ್ಘಕಾಲ ಉಳಿಸುವ ಔಷಧಿ ದಿನಬಳಕೆಗೆ ಇನ್ನೂ ಬಂದಿಲ್ಲ.