ಚುಕ್ಕಿಗಳ ನಡುವಿನ ಗೆರೆ

ರಂಗೋಲಿಯ ಚುಕ್ಕಿಗಳು ಸಾಲಾಗಿ ನಿಲ್ಲುತ್ತವೆ. ವೈದ್ಯರಾದ ನಮಗೆ ಸಿಗುವ ಚುಕ್ಕಿಗಳು ಚೆಲ್ಲಾಪಿಲ್ಲಿ. ಅವುಗಳ ನಡುವೆ ಹೆಚ್ಚು ಹೊಂದುವ ಗೆರೆ ಎಳೆಯುವುದು ಹೇಗೆ?

1805ರಲ್ಲಿ ಫ್ರಾನ್ಸಿನ ಲೆಜಾಂಡರ್, ಧೂಮಕೇತುಗಳ ಕಕ್ಷೆಯ ಬಗೆಗಿನ ತಮ್ಮ ಪುಸ್ತಕದಲ್ಲಿ ಉಪಾಯ ಹೇಳಿದರು. ಪ್ರತಿ ಚುಕ್ಕಿಯೂ ಗೆರೆಗಿಂತ ಎಷ್ಟು ಮೇಲೆ ಅಥವಾ ಕೆಳಗಿದೆಯೆಂದು ಅಳೆದು, ಆ ಅಂತರಗಳ ವರ್ಗಗಳನ್ನು ಕೂಡಬೇಕು. ಮೊತ್ತ ಅತಿ ಕಡಿಮೆ ಬರುವ ಗೆರೆಯೇ ಸರಿಯಾದುದು. 1809ರಲ್ಲಿ ಜರ್ಮನಿಯ ಗೌಸ್, ತಾವು ಇದನ್ನು 1795ರಿಂದಲೇ ಬಳಸುತ್ತಿರುವುದಾಗಿ ಬರೆದರು. ಲೆಜಾಂಡರ್ ಸಿಟ್ಟಾದರು.

1886ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 205 ದಂಪತಿಗಳ ಹಾಗೂ ಅವರ ಬೆಳೆದ 928 ಮಕ್ಕಳ ಎತ್ತರವನ್ನು ಹೋಲಿಸಿ ಗೆರೆ ಎಳೆದರು. ತಂದೆತಾಯಿಯರ ಸರಾಸರಿ ಎತ್ತರ ಇತರರಿಗಿಂತ 3 ಅಂಗುಲ ಹೆಚ್ಚಿದ್ದರೆ ಮಕ್ಕಳದು ಸುಮಾರು 2 ಅಂಗುಲವಷ್ಟೇ ಹೆಚ್ಚು. ಕುಳ್ಳರ ಮಕ್ಕಳೂ ಹಾಗೆಯೇ ನಡುವಿನತ್ತ ಸರಿಯುತ್ತಾರೆ. ಇಂಥ ಗೆರೆಗೆ 'ರಿಗ್ರೆಶನ್' ಎಂಬ ಹೆಸರು ಬಂದದ್ದು ಇವರಿಂದ.

ಇದೇ ಗಾಲ್ಟನ್ 1883ರಲ್ಲಿ 'ಯುಜೆನಿಕ್ಸ್' ಎಂಬ ಪದವನ್ನೂ ಕೊಟ್ಟರು. ಆ ವಾದದ ಬೆನ್ನಲ್ಲೇ 1907ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯ ಬಲವಂತದ ಸಂತಾನಹರಣಕ್ಕೆ ಕಾನೂನು ಮಾಡಿತು. ಶಸ್ತ್ರ ಹಿಡಿದವರು ನಮ್ಮ ವೃತ್ತಿಯವರೇ ಎಂಬುದನ್ನು ನಾವು ಮರೆಯಬಾರದು.

ಮಗ ಅಪ್ಪನಷ್ಟು ಎತ್ತರವಿಲ್ಲವೆಂದು ನಮ್ಮ ಕೂಟದ ತಾಯಂದಿರು ಕೊರಗುವುದುಂಟು. ಗೆರೆ ಗುಂಪಿನ ಸಂಗತಿ ಹೇಳುತ್ತದೆ, ಅಷ್ಟೇ. ಒಂದು ಮಗುವಿನ ಹಣೆಬರಹವನ್ನು ಅದು ಬರೆಯದು. ಮಗು ಆರೋಗ್ಯವಾಗಿ ಬೆಳೆಯುತ್ತಿದ್ದರೆ ನಾವು ಅದನ್ನು ಆಡಲು ಬಿಡೋಣ.